ಬಿಸಿಲಿಗೆ ಬಂದ್ ಬೀಳುವ ಮನೆ ಕ್ಯಾಮೆರಾ: ಕಾರಣ ಏನು, ಮಾಡಬೇಕಾದ್ದು ಏನು?



ಯುಗಾದಿ ಮುಗಿದು ಬಿಸಿಲು ಏರತೊಡಗಿತೆಂದರೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಸಂಘಗಳ ಸಭೆಯಲ್ಲಿ ಈಚೀಚೆಗೆ ಒಂದು ಹೊಸ ದೂರು ಕೇಳಿಬರುತ್ತಿದೆ. "ಮಧ್ಯಾಹ್ನ ಆತಂದ್ರ ಕ್ಯಾಮೆರಾ ಬಂದ್ ಬೀಳ್ತದ್ರೀ, ಸಂಜಿಗೆ ತಾನಾ ಚಾಲೂ ಆಗ್ತದ" ಎಂಬುದೇ ಆ ದೂರು. ಮೊದಲು ಅಂಗಡಿ, ಬ್ಯಾಂಕುಗಳಲ್ಲಿ ಮಾತ್ರ ಕಾಣುತ್ತಿದ್ದ ಕ್ಯಾಮೆರಾ ಇಂದು ಸಾಮಾನ್ಯರ ಮನೆಗೂ ಬಂದಿದೆ. ಮಕ್ಕಳು ಬೆಂಗಳೂರು, ಪುಣೆ, ದುಬೈ ಅಂತ ದುಡಿಯಲು ಹೋಗಿರುತ್ತಾರೆ, ಊರಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ. ಅವರ ಮೇಲೆ ಒಂದು ಕಣ್ಣಿರಲಿ ಎಂದು ಮಗ ತಂದು ಹಾಕಿಸಿದ್ದು, ಇಲ್ಲವೇ ಸಂಘದ ಸಾಲದಲ್ಲಿ ಅಂಗಡಿ ಹಾಕಿದವರು ಗಲ್ಲಾಪೆಟ್ಟಿಗೆಗೆಂದು ಕೂಡಿಸಿದ್ದು.

ಈ ಮಧ್ಯಾಹ್ನದ ಹೊತ್ತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇಸಿಗೆಯಲ್ಲಿ ಒಂದು ಗಂಟೆಯಿಂದ ನಾಲ್ಕರವರೆಗೆ ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಕ್ಯಾಮೆರಾ ಬೇಕಾಗಿರುವುದೇ ಆಗ, ಅದು ಕಣ್ಣು ಮುಚ್ಚುವುದೂ ಆಗಲೇ. ದುರಸ್ತಿಗೆ ಕರೆದರೆ "ಪೀಸ್ ಹೋಗ್ಯಾದ, ಹೊಸದು ಹಾಕ್ಸಿ" ಎನ್ನುವವರೇ ಹೆಚ್ಚು. ಆದರೆ ನಾವು ನೋಡಿದ ಮನೆಗಳಲ್ಲಿ ಹಲವು ಕಡೆ ಕ್ಯಾಮೆರಾ ಚೆನ್ನಾಗಿಯೇ ಇತ್ತು, ಅದನ್ನು ಕೂಡಿಸಿದ ಜಾಗ ಸರಿ ಇರಲಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ನಾವೇ ಪರೀಕ್ಷೆ ಮಾಡಿಕೊಳ್ಳಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಬಿಸಿ ಎಲ್ಲಿಂದ ಬರುತ್ತದೆ?

ಕ್ಯಾಮೆರಾ ಎಂದರೆ ಒಂದು ಪುಟ್ಟ ಕಂಪ್ಯೂಟರ್. ಅದರೊಳಗಿನ ಚಿಪ್ ಹಗಲು ರಾತ್ರಿ ಬಿಡುವಿಲ್ಲದೆ ಚಿತ್ರ ತೆಗೆದು, ಅದನ್ನು ಕುಗ್ಗಿಸಿ, ವೈರಿನಲ್ಲೋ ವೈಫೈನಲ್ಲೋ ಕಳಿಸುತ್ತಲೇ ಇರುತ್ತದೆ. ಕತ್ತಲಾದ ಮೇಲೆ ಲೆನ್ಸಿನ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಅವುಗಳ ಬೆಳಕು ಕಾಣದಿದ್ದರೂ ಬಿಸಿ ಮಾತ್ರ ಇದ್ದೇ ಇರುತ್ತದೆ. ಸಾಮಾನ್ಯ ಮನೆ ಕ್ಯಾಮೆರಾ ಎಳೆಯುವುದು ನಾಲ್ಕೈದು ವ್ಯಾಟ್ ಅಷ್ಟೆ. ಆದರೆ ಅಷ್ಟೂ ಬಿಸಿ ಮುಷ್ಟಿಯಷ್ಟು ಡಬ್ಬಿಯೊಳಗೆ ಹುಟ್ಟುತ್ತದೆ. ಮನೆಗೆ ಬರುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಮೈಯಿಂದಲೇ ಬಿಸಿ ಹೊರಗಿನ ಗಾಳಿಗೆ ಹೋಗಬೇಕು. ಹೊರಗಿನ ಗಾಳಿಯೇ ಕಾದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಆಗ ಚಿಪ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ, ಇಲ್ಲವೇ ಮತ್ತೆ ಮತ್ತೆ ಬಂದ್ ಆಗಿ ಚಾಲೂ ಆಗುತ್ತದೆ.

ಇಲ್ಲಿ ಒಂದು ಮಾತು. "ಇವತ್ತು ರಾಯಚೂರಿನಲ್ಲಿ 42 ಡಿಗ್ರಿ" ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದು ಹವಾಮಾನ ಇಲಾಖೆಯವರು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ನಿಮ್ಮ ಕ್ಯಾಮೆರಾ ಇರುವುದು ಪಡುವಣ ಗೋಡೆಯ ಮೇಲೆ, ನೇರ ಬಿಸಿಲಿನಲ್ಲಿ. ಅದರ ಮೈ, ಅದು ಅಂಟಿಕೊಂಡ ಕಲ್ಲಿನ ಗೋಡೆ, ಮೇಲಿನ ತಗಡು ಇವೆಲ್ಲ 42ಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತವೆ. ಕಪ್ಪು ಬಣ್ಣದ ಕ್ಯಾಮೆರಾ ಆದರಂತೂ ಕೇಳುವುದೇ ಬೇಡ.

ಕ್ಯಾಮೆರಾದ ಡಬ್ಬಿ ಇನ್ನೂ ಇದ್ದರೆ ತೆಗೆದು ನೋಡಿ. ಅದರ ಮೇಲೋ ಒಳಗಿನ ಚೀಟಿಯಲ್ಲೋ ಆಪರೇಟಿಂಗ್ ಟೆಂಪರೇಚರ್ ಎಂದು ಬರೆದಿರುತ್ತದೆ. ಮನೆಯೊಳಗೆ ಇಡುವ, ತಲೆ ತಿರುಗಿಸುವ ಬಿಳಿ ವೈಫೈ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಮಿತಿ 40 ಡಿಗ್ರಿ. ಹೊರಗೆ ಹಾಕುವಂಥವಕ್ಕೆ 50 ಅಥವಾ 60 ಇರುತ್ತದೆ. ಒಳಗಿನದನ್ನು ತಂದು ಅಂಗಳದ ಪಡಸಾಲೆಯಲ್ಲಿ ಹಾಕಿದರೆ ಏಪ್ರಿಲ್‌ನಲ್ಲಿ ಅದು ನಿಲ್ಲುವುದು ಸಹಜವೇ, ಅದರ ತಪ್ಪಲ್ಲ. ಇನ್ನು ಅಂಗಡಿಯವರು "ಐಪಿ 66 ಐತ್ರೀ, ಏನೂ ಆಗಂಗಿಲ್ಲ" ಎಂದು ಹೇಳಿರುತ್ತಾರೆ. ಐಪಿ ಅಂಕೆ ಹೇಳುವುದು ಧೂಳು ಮತ್ತು ನೀರಿನ ವಿಷಯ ಮಾತ್ರ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಧೂಳು, ನೀರು ಹೋಗಬಾರದೆಂದು ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ಗಾಳಿಯೂ ಹೋಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಯಾವ ಹೊತ್ತಿಗೆ ನಿಲ್ಲುತ್ತದೆ, ನೋಡಿಕೊಳ್ಳಿ

ಒಂದು ವಾರ ಗೋಡೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿ: ಯಾವ ಕ್ಯಾಮೆರಾ, ಎಷ್ಟು ಗಂಟೆಗೆ ನಿಂತಿತು, ಎಷ್ಟಕ್ಕೆ ಬಂತು. ಇಷ್ಟು ಮಾಡಿದರೆ ಅರ್ಧ ರೋಗ ಗೊತ್ತಾದಂತೆ.

ಒಂದೇ ಕ್ಯಾಮೆರಾ, ಅದೂ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ನಿಂತು ಬಿಸಿಲು ಇಳಿದ ಮೇಲೆ ತಾನೇ ಬರುತ್ತಿದ್ದರೆ ಅದು ಬಿಸಿಲಿನದೇ ಕೆಲಸ. ಹಗಲೆಲ್ಲ ಚೆನ್ನಾಗಿದ್ದು ಕತ್ತಲಾಗುತ್ತಲೇ ನಿಂತರೆ ಅಡಾಪ್ಟರ್ ಅಥವಾ ವೈರನ್ನು ಅನುಮಾನಿಸಿ. ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಕರೆಂಟು ಹೆಚ್ಚು ಬೇಕಾಗುತ್ತದೆ, ದುರ್ಬಲ ಅಡಾಪ್ಟರ್ ಕೈಚೆಲ್ಲುತ್ತದೆ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಹೋದರೆ ಗೋಡೆ ಹತ್ತಬೇಡಿ, ದೋಷ ಡಿವಿಆರ್‌ನಲ್ಲೋ ಎಲ್ಲಕ್ಕೂ ಕರೆಂಟು ಕೊಡುವ ಪವರ್ ಪೆಟ್ಟಿಗೆಯಲ್ಲೋ ಇರುತ್ತದೆ. ಮೊಬೈಲಿನಲ್ಲಿ ಲೈವ್ ಕಾಣುತ್ತದೆ ಆದರೆ ನಿನ್ನೆಯ ರೆಕಾರ್ಡಿಂಗ್ ಸಿಗುತ್ತಿಲ್ಲ ಎಂದರೆ ಮೆಮೊರಿ ಕಾರ್ಡೋ ಹಾರ್ಡ್ ಡಿಸ್ಕೋ ಸವೆದಿರಬಹುದು. ಹಗಲು ಚಿತ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಲೆನ್ಸಿನ ಹಿಂದೆ ಸರಿದಾಡುವ ಫಿಲ್ಟರ್ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಅದಕ್ಕೆ ನೆರಳು ಮಾಡಿ ಪ್ರಯೋಜನವಿಲ್ಲ, ರಿಪೇರಿಯವರಿಗೇ ತೋರಿಸಬೇಕು. ಬಿಸಿ ಹೆಚ್ಚಾದಾಗ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಚುಕ್ಕೆಗಳು ಬರುವುದೂ ಉಂಟು. ನಿಲ್ಲುವುದಕ್ಕೆ ಮುಂಚಿನ ಸೂಚನೆ ಅದು.

ಕ್ಯಾಮೆರಾ ಮೈ ಬೆಚ್ಚಗಿರುವುದು ದೋಷವಲ್ಲ. ಲೋಹದ ಮೈ ಇರುವುದೇ ಒಳಗಿನ ಬಿಸಿಯನ್ನು ಹೊರಹಾಕಲಿಕ್ಕೆ. ಆದರೆ ಸಂಜೆ ಆರರ ನಂತರವೂ ಅಥವಾ ನೆರಳಿನಲ್ಲಿದ್ದರೂ ಅಂಗೈ ಇಟ್ಟರೆ ಐದು ಸೆಕೆಂಡು ತಡೆಯಲಾಗದಷ್ಟು ಸುಡುತ್ತಿದ್ದರೆ ಒಳಗೇ ಏನೋ ಕೆಟ್ಟಿದೆ. ಸುಟ್ಟ ವಾಸನೆ ಬಂದರೆ, ಪ್ಲಾಸ್ಟಿಕ್ ಬಾಗಿದ್ದರೆ ಕೂಡಲೇ ಕರೆಂಟು ತೆಗೆದುಬಿಡಿ.

ಅನುಮಾನ ಬಗೆಹರಿಸಲು ಖರ್ಚಿಲ್ಲದ ಉಪಾಯ ಒಂದಿದೆ. ಎರಡು ದಿನ ಕ್ಯಾಮೆರಾ ಮೇಲೆ ಒಂದು ರಟ್ಟನ್ನೋ ಹಳೆಯ ಛತ್ರಿಯನ್ನೋ ಮೈಗೆ ತಾಗದಂತೆ ನೆರಳು ಬೀಳುವ ಹಾಗೆ ಕಟ್ಟಿ. ಆ ಎರಡು ದಿನ ಅದು ನಿಲ್ಲದಿದ್ದರೆ ಕಳ್ಳ ಸಿಕ್ಕ ಹಾಗೆ, ಬಿಸಿಲೇ ಕಾರಣ. ಆಗಲೂ ನಿಂತರೆ ಮುಂದಿನದು ಅಡಾಪ್ಟರ್ ಬದಲಿಸಿ ನೋಡುವುದು. ಪಕ್ಕದ ಮನೆಯದನ್ನು ತಂದು ಹಾಕುವ ಮೊದಲು ಎರಡರ ಮೇಲೂ ಬರೆದ ವೋಲ್ಟ್ ಒಂದೇ ಇದೆಯೇ ಎಂದು ಓದಿಕೊಳ್ಳಿ. ಪಿನ್ನು ಒಂದೇ ಥರ ಕಂಡರೂ ಒಂದು 9 ವೋಲ್ಟ್, ಒಂದು 12 ವೋಲ್ಟ್ ಇರಬಹುದು.

ಕಾದ ಕ್ಯಾಮೆರಾ ತಣ್ಣಗಾಗಲೆಂದು ನೀರು ಸುರಿಯುವುದು, ಒದ್ದೆ ಬಟ್ಟೆ ಸುತ್ತುವುದು ಬೇಡವೇ ಬೇಡ. ಬಿಚ್ಚಿ ಫ್ರಿಜ್ಜಿನಲ್ಲಿಟ್ಟವರೂ ಇದ್ದಾರೆ! ಹೊರತೆಗೆದ ಕೂಡಲೇ ಒಳಗೆ ಹನಿ ಕಟ್ಟಿ ಇದ್ದದ್ದೂ ಹಾಳಾಗುತ್ತದೆ. ಕರೆಂಟು ತೆಗೆದು ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟರೆ ಸಾಕು.

ನೆರಳೇ ದೊಡ್ಡ ಔಷಧ

ಪಡುವಣ ಮತ್ತು ತೆಂಕಣ ಗೋಡೆ ಬಿಟ್ಟು ಬಡಗಣ ಅಥವಾ ಮೂಡಣ ಗೋಡೆಯಲ್ಲಿ, ಸಜ್ಜಾದ ಕೆಳಗೆ ಜಾಗ ಸಿಕ್ಕರೆ ಅದೇ ಉತ್ತಮ. ಮೂಡಣದಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ಆದರೆ ಆಗ ಗಾಳಿ ಇನ್ನೂ ಅಷ್ಟು ಕಾದಿರುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ನಡುಮಧ್ಯಾಹ್ನ ಸಣ್ಣ ಸಜ್ಜಾ ಕೂಡ ಒಳ್ಳೆಯ ನೆರಳು ಕೊಡುತ್ತದೆ. ತೊಂದರೆ ಇರುವುದು ಮೂರು ಗಂಟೆಯ ನಂತರ ಓರೆಯಾಗಿ ಬೀಳುವ ಬಿಸಿಲಿನದು.

ಬಾಗಿಲು ಪಡುವಣಕ್ಕೇ ಇದ್ದರೆ ಕ್ಯಾಮೆರಾ ಅಲ್ಲಿಯೇ ಬೇಕಾಗುತ್ತದೆ, ಒಪ್ಪುತ್ತೇವೆ. ಹಾಗಿದ್ದರೆ ಮೇಲೊಂದು ಪುಟ್ಟ ಚಪ್ಪರ ಮಾಡಿ. ಬಿಳಿ ಬಣ್ಣ ಬಳಿದ ತಗಡೋ, ಪಿವಿಸಿ ಹಲಗೆಯ ತುಂಡೋ ಸಾಕು. ಆದರೆ ಚಪ್ಪರಕ್ಕೂ ಕ್ಯಾಮೆರಾಕ್ಕೂ ನಡುವೆ ಮೂರು ಬೆರಳಷ್ಟು ಸಂದು ಬಿಡಬೇಕು. ಮೈಗೆ ತಾಗಿಸಿದರೆ ಅದು ನೆರಳಾಗುವುದಿಲ್ಲ, ಕಂಬಳಿಯಾಗುತ್ತದೆ. ಲೆನ್ಸಿಗಿಂತ ಬಹಳ ಮುಂದೆ ಚಾಚಿದರೂ ರಾತ್ರಿ ದೀಪದ ಬೆಳಕು ಅದಕ್ಕೇ ಬಡಿದು ಚಿತ್ರ ಬೆಳ್ಳಗಾಗುತ್ತದೆ. ಆದ್ದರಿಂದ ಒಮ್ಮೆ ರಾತ್ರಿಯೂ ನೋಡಿಯೇ ಮೊಳೆ ಹೊಡೆಯಿರಿ.

ತಗಡಿನ ಚಾವಣಿಯ ಮನೆಗಳಲ್ಲಿ ಕ್ಯಾಮೆರಾವನ್ನು ತಗಡಿಗೆ ಅಂಟಿಸಿದಂತೆ ಕೂಡಿಸುವುದನ್ನು ಬಹಳ ಕಡೆ ನೋಡುತ್ತೇವೆ. ನೆರಳಿದೆಯಲ್ಲ ಎಂದುಕೊಳ್ಳಬಹುದು. ಕಾದ ತಗಡು ತಾನೇ ಹಂಚಿನಂತೆ ಕೆಳಗೆ ಬಿಸಿ ಸೂಸುತ್ತದೆ. ಒಂದು ಮೊಳ ಕೆಳಗೆ ಇಳಿಸಿ ಗೋಡೆಗೆ ಕೂಡಿಸಿದರೆ ವ್ಯತ್ಯಾಸ ಕಾಣುತ್ತದೆ. ಮಳೆಗಾಲದಲ್ಲಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಹಾಗೆಯೇ ಬಿಟ್ಟಿರುವವರೂ ಉಂಟು. ಕೂಡಲೇ ಬಿಚ್ಚಿ. ಜೇಡರ ಬಲೆ, ಕಣಜದ ಗೂಡು, ಗುಬ್ಬಿ ತಂದಿಟ್ಟ ಹುಲ್ಲು ಇದ್ದರೆ ಅದನ್ನೂ ಒಣ ಬ್ರಶ್ಶಿನಿಂದ ತೆಗೆಯಿರಿ.

ಬೀರುವಿನೊಳಗಿನ ಡಿವಿಆರ್

ಕ್ಯಾಮೆರಾಕ್ಕಿಂತ ಹೆಚ್ಚು ಅನ್ಯಾಯ ಆಗುತ್ತಿರುವುದು ರೆಕಾರ್ಡಿಂಗ್ ಪೆಟ್ಟಿಗೆಗೆ. ಕಳ್ಳ ಬಂದರೆ ಅದನ್ನೇ ಹೊತ್ತುಕೊಂಡು ಹೋಗುತ್ತಾನೆ ಎಂಬ ಭಯಕ್ಕೆ ಕಬ್ಬಿಣದ ಬೀರುವಿನೊಳಗೆ ಸೀರೆಗಳ ನಡುವೆ ಇಟ್ಟು ಬೀಗ ಹಾಕುತ್ತಾರೆ. ಇನ್ನು ಕೆಲವರು ಟಿವಿ ಕೆಳಗಿಟ್ಟು ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತಾರೆ. (ಕಸೂತಿ ನಮ್ಮ ಸಂಘದ ಅಕ್ಕಂದಿರದೇ, ಬಹಳ ಚಂದವೂ ಇದೆ. ಆದರೂ ದಯವಿಟ್ಟು ತೆಗೆಯಿರಿ.) ಡಿವಿಆರ್ ಒಳಗೆ ಹಾರ್ಡ್ ಡಿಸ್ಕ್ ಹಗಲು ರಾತ್ರಿ ತಿರುಗುತ್ತಿರುತ್ತದೆ. ಅದರ ಬಿಸಿ 60 ಡಿಗ್ರಿ ಹತ್ತಿರ ಬಂತೆಂದರೆ ಆಯಸ್ಸು ಕಡಿಮೆಯಾಯಿತೆಂದೇ ಲೆಕ್ಕ. ಮುಚ್ಚಿದ ಬೀರುವಿನಲ್ಲಿ, ಬೇಸಿಗೆಯಲ್ಲಿ, ಅಲ್ಲಿಗೆ ತಲುಪುವುದು ಕಷ್ಟವೇನಲ್ಲ. ಕಳುವಾದ ದಿನ ಪೊಲೀಸರು ರೆಕಾರ್ಡಿಂಗ್ ಕೇಳಿದಾಗ ಡಿಸ್ಕ್ ತಿಂಗಳ ಹಿಂದೆಯೇ ಹೋಗಿತ್ತು ಎಂದು ತಿಳಿದರೆ ಕ್ಯಾಮೆರಾಕ್ಕೆ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಮ.

ಕಳ್ಳನ ಭಯವೂ ಸುಳ್ಳಲ್ಲ. ಇದಕ್ಕೆ ಗೋಡೆಗೆ ಕೂಡಿಸುವ, ಬೀಗವಿರುವ, ತೂತುಗಳುಳ್ಳ ಕಬ್ಬಿಣದ ಪೆಟ್ಟಿಗೆ ಸಿಗುತ್ತದೆ. ಸಿಗದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಾಲರಿ ಬಾಗಿಲಿನದು ಮಾಡಿಸಬಹುದು. ಸುತ್ತಲೂ ನಾಲ್ಕು ಬೆರಳು ಗಾಳಿ ಆಡಬೇಕು. ಫ್ರಿಜ್ಜಿನ ಮೇಲೆ, ಇನ್ವರ್ಟರ್ ಪಕ್ಕ, ಒಲೆಯ ಹತ್ತಿರ ಬೇಡ. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ ಹತ್ತಿರ ಮನೆ ಇದ್ದವರು ಎರಡು ತಿಂಗಳಿಗೊಮ್ಮೆ ಕರೆಂಟು ತೆಗೆದು ಅದರ ಫ್ಯಾನ್ ಮತ್ತು ತೂತುಗಳ ಧೂಳನ್ನು ಬ್ರಶ್ಶಿನಿಂದ ಉದುರಿಸಿ. ಫ್ಯಾನು ಕಿರುಗುಟ್ಟುತ್ತಿದ್ದರೆ ಬದಲಿಸಿ. ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ಫ್ಯಾನಿನ ಬೆಲೆ ಏನೂ ಅಲ್ಲ.

ಅಡಾಪ್ಟರ್, ವೈರು, ಬ್ಯಾಟರಿ

ಬಿಸಿಯ ವಿಷಯದಲ್ಲಿ ಮನೆಗೆ ನಿಜವಾದ ಅಪಾಯ ಇರುವುದು ಇಲ್ಲಿ. ಕ್ಯಾಮೆರಾ ನಿಂತರೆ ಚಿತ್ರ ಹೋಗುತ್ತದೆ, ಅಡಾಪ್ಟರ್ ಕಾದರೆ ಬೆಂಕಿ ಹತ್ತಬಹುದು. ಸಡಿಲವಾದ ಪಿನ್ನು, ಬರೀ ತಿರುಚಿ ಟೇಪು ಸುತ್ತಿದ ಜೋಡಣೆ ಇವು ಕಾದು ಕಾದು ಕರಗುತ್ತವೆ. ಅಡಾಪ್ಟರನ್ನು ಹೊರಗೆ ಬಿಸಿಲು ಬೀಳುವ ಡಬ್ಬಿಯಲ್ಲಿ ಇಡಬೇಡಿ. ಹಾಸಿಗೆ, ಪರದೆ, ಹುಲ್ಲಿನ ಬಣವೆಯ ಹತ್ತಿರವಂತೂ ಬೇಡ. ಕೊಳ್ಳುವಾಗ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಒಂದೇ ಪವರ್ ಪೆಟ್ಟಿಗೆಗೆ ಎಷ್ಟು ಕ್ಯಾಮೆರಾ? ಲೆಕ್ಕ ಸುಲಭ. ರಾತ್ರಿ ದೀಪ ಹೊತ್ತಿದಾಗ ಒಂದೊಂದೂ ಅರ್ಧ ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ನಾಲ್ಕಕ್ಕೆ 2 ಆಂಪಿಯರ್. 5 ಆಂಪಿಯರ್ ಪೆಟ್ಟಿಗೆ ಇದ್ದರೆ ಅದು ಆರಾಮಾಗಿ ಕೆಲಸ ಮಾಡುತ್ತದೆ. ಅದಕ್ಕೇ ಎಂಟು ಹತ್ತು ಕಟ್ಟಿದರೆ ಅದು ಸದಾ ಏದುಸಿರು ಬಿಡುತ್ತಿರುತ್ತದೆ. ವೈರು ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ವೈರಿನಲ್ಲಿ ಆ ನಷ್ಟ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಹೊಲದ ಗೇಟಿನವರೆಗೆ ಎಳೆಯುವುದಾದರೆ ತಾಮ್ರದ್ದೇ ಕೇಳಿ ತೆಗೆದುಕೊಳ್ಳಿ.

ಪಂಪ್‌ಸೆಟ್ ಕಳುವಿನ ಭಯಕ್ಕೆ ಹೊಲದಲ್ಲಿ ಸೋಲಾರ್ ಕ್ಯಾಮೆರಾ ಹಾಕಿದವರು ಇನ್ನೊಂದು ವಿಷಯ ತಿಳಿಯಬೇಕು. ಅದರೊಳಗೆ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲ. ಸೋಲಾರ್ ಫಲಕ ಬಿಸಿಲಿನಲ್ಲಿರಲಿ, ಕ್ಯಾಮೆರಾ ನೆರಳಿನಲ್ಲಿರಲಿ. ವೈರು ಬೇರೆಯಾಗಿ ಬರುವಂಥದ್ದನ್ನೇ ಆರಿಸಿಕೊಳ್ಳಿ. ಬ್ಯಾಟರಿ ಉಬ್ಬಿದ್ದು ಕಂಡರೆ ಚಾರ್ಜಿಗೆ ಹಾಕಬಾರದು, ಚುಚ್ಚಬಾರದು, ಮನೆಯೊಳಗೆ ತರಬಾರದು. ಬಯಲಿನಲ್ಲಿ ಮರಳಿನ ಮೇಲಿಟ್ಟು, ಹುಡುಗರ ಕೈಗೆ ಸಿಗದಂತೆ ನೋಡಿಕೊಂಡು, ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಸೆಟ್ಟಿಂಗ್‌ನಲ್ಲಿ ಮಾಡಬಹುದಾದ ಬದಲಾವಣೆಗಳೂ ಇವೆ. ಸೆಕೆಂಡಿಗೆ 25 ಚಿತ್ರದ ಬದಲು 15 ಇಡಬಹುದು. ಅಂಗಳದಲ್ಲಿ ಸಣ್ಣ ಎಲ್‌ಇಡಿ ಬಲ್ಬು ಉರಿಯುತ್ತಿದ್ದರೆ ಇನ್‌ಫ್ರಾರೆಡ್ ಆರಿಸಬಹುದು. ಇಡೀ ದಿನ ಮೊಬೈಲಿನಲ್ಲಿ ಲೈವ್ ನೋಡುತ್ತ ಕೂರುವುದನ್ನು ಬಿಡಬಹುದು. ಇವುಗಳಿಂದ ಸ್ವಲ್ಪ ಅನುಕೂಲ ಆಗುತ್ತದೆ. ಆದರೆ ನೆರಳು ಮಾಡದೆ ಬರೀ ಸೆಟ್ಟಿಂಗ್ ತಿದ್ದಿದರೆ ಆಗುವ ಪ್ರಯೋಜನ ಬಹಳ ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಒಳಗಿನ ಕ್ಯಾಮೆರಾ ನಿಂತರೆ ಮೊದಲು ಅವ್ವನಿಗೆ ಫೋನ್ ಮಾಡಿ

ಇದನ್ನು ದೂರದಲ್ಲಿರುವ ಮಕ್ಕಳು ಗಮನವಿಟ್ಟು ಓದಬೇಕು. ತಗಡಿನ ಮನೆಯಲ್ಲಿ ಒಬ್ಬರೇ ಇರುವ ಒಬ್ಬ ಅಜ್ಜಿಯ ಮನೆಗೆ ನಮ್ಮ ಕಾರ್ಯಕರ್ತೆಯರು ಮಧ್ಯಾಹ್ನ ಎರಡೂವರೆಗೆ ಹೋಗಿದ್ದರು. ಮಗ ಫೋನ್ ಮಾಡಿ "ಕ್ಯಾಮೆರಾ ಆಫ್‌ಲೈನ್ ತೋರಿಸ್ತಿದೆ, ವೈರ್ ಬಿಟ್ಟಿದೆಯಾ ನೋಡಿ ಅಕ್ಕಾ" ಎಂದು ಕೇಳಿಕೊಂಡಿದ್ದ. ವೈರು ಸರಿಯಾಗಿಯೇ ಇತ್ತು. ಕ್ಯಾಮೆರಾ ಸುಡುತ್ತಿತ್ತು. ಅದರ ಕೆಳಗೆ ಹೊರಸಿನ ಮೇಲೆ ಅಜ್ಜಿ ಮಾತು ತೊದಲುತ್ತ ಮಲಗಿದ್ದಳು. ಬೆಳಗಿನಿಂದ ಒಂದು ಲೋಟ ನೀರು ಕುಡಿದಿದ್ದಳಂತೆ. "ಏನಾಗಿಲ್ಲವ್ವಾ, ನಿದ್ದಿ ಬಂದದ" ಎಂದೇ ಹೇಳುತ್ತಿದ್ದಳು. ಬೇವಿನ ಮರದ ನೆರಳಿಗೆ ಕರೆತಂದು, ಮೈಗೆ ಒದ್ದೆ ಬಟ್ಟೆ ಹಾಕಿ, ಆಸ್ಪತ್ರೆಗೆ ಸಾಗಿಸಿದರು. ಎರಡು ದಿನದಲ್ಲಿ ಚೇತರಿಸಿಕೊಂಡಳು.

ಒಳಗಿನ ಕ್ಯಾಮೆರಾದ ಮಿತಿ 40 ಡಿಗ್ರಿ ಎಂದು ಮೇಲೆ ಹೇಳಿದೆವು. ಅದು ಬಿಸಿಗೆ ನಿಂತಿದ್ದರೆ ಆ ಕೋಣೆಯಲ್ಲಿ ಅಷ್ಟು ಬಿಸಿ ಇದೆ ಎಂದೇ ಅರ್ಥ ಮಾಡಿಕೊಳ್ಳಬೇಕು. ಕರೆಂಟು ಹೋಗಿ ನಿಂತಿದ್ದರೆ ಫ್ಯಾನೂ ನಿಂತಿರುತ್ತದೆ. ಎರಡರಲ್ಲಿ ಯಾವುದಾದರೂ ಅಲ್ಲಿರುವ ಹಿರಿಯರಿಗೆ ಕಷ್ಟವೇ. ಆದ್ದರಿಂದ ಬೇಸಿಗೆ ಮಧ್ಯಾಹ್ನ ಮೊಬೈಲಿನಲ್ಲಿ ಆಫ್‌ಲೈನ್ ಎಂದು ಬಂದರೆ ಮೆಕ್ಯಾನಿಕ್‌ಗೆ ಮಾಡುವ ಫೋನು ಆಮೇಲೆ. ಮೊದಲು ಅವ್ವ, ಅಪ್ಪನಿಗೆ ಮಾಡಿ. ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡಿ. ಅವರ ನಂಬರ್ ಈಗಲೇ ಬರೆದಿಟ್ಟುಕೊಂಡಿರಿ.

40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಗಾಳಿ ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು, ಬಾಯಾರದಿದ್ದರೂ ಆಗಾಗ ನೀರು, ಮಜ್ಜಿಗೆ ಕುಡಿಯುವುದು, ಮಧ್ಯಾಹ್ನ ತಗಡಿನ ಕೋಣೆ ಬಿಟ್ಟು ಮರದ ನೆರಳಿಗೋ ಆರ್‌ಸಿಸಿ ಮನೆಗೋ ಹೋಗುವುದು ಒಳ್ಳೆಯದು. ಮಾತು ತಡವರಿಸಿದರೆ, ಗುರುತು ಹಿಡಿಯದಿದ್ದರೆ, ಪ್ರಜ್ಞೆ ತಪ್ಪಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಚಾವಣಿಗೆ ಫೆಬ್ರವರಿಯಲ್ಲೇ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿದರೆ ಕೋಣೆಯ ಬಿಸಿ ಇಳಿಯುತ್ತದೆ. ಅಜ್ಜಿಗೂ ತಂಪು, ಕ್ಯಾಮೆರಾಕ್ಕೂ ತಂಪು. ಕ್ಯಾಮೆರಾಕ್ಕೆಂದು ಖರ್ಚು ಮಾಡುವ ಹಣದಲ್ಲಿ ಇದನ್ನೇ ಮೊದಲು ಮಾಡಿಸಿ ಎಂದು ನಾವು ಹೇಳುತ್ತೇವೆ.

ಕೊನೆಯದಾಗಿ ಏಣಿಯ ಮಾತು. ಚಪ್ಪರ ಕಟ್ಟುವುದು, ಧೂಳು ತೆಗೆಯುವುದು, ಜಾಗ ಬದಲಿಸುವುದು ಎಲ್ಲವನ್ನೂ ಬೆಳಿಗ್ಗೆ ಎಂಟರೊಳಗೆ, ಮೇನ್ ಸ್ವಿಚ್ ತೆಗೆದು, ಕೆಳಗೆ ಒಬ್ಬರು ಏಣಿ ಹಿಡಿದುಕೊಂಡು ಮಾಡಿ. ಕಬ್ಬಿಣದ ಏಣಿ ಸರ್ವಿಸ್ ವೈರಿಗೆ ತಾಗದಂತೆ ನೋಡಿಕೊಳ್ಳಿ. ವಾರಂಟಿ ಇರುವಾಗ ಕ್ಯಾಮೆರಾದ ಸ್ಕ್ರೂ ಬಿಚ್ಚಬೇಡಿ, ಬಿಲ್ಲು ಮತ್ತು ಡಬ್ಬಿ ಇಟ್ಟುಕೊಂಡಿರಿ. ನೆರಳು ಮಾಡಿ, ಅಡಾಪ್ಟರ್ ಬದಲಿಸಿ, ಎರಡೂ ಆದ ಮೇಲೂ ನಿಲ್ಲುತ್ತಿದ್ದರೆ ಆಗ ಕ್ಯಾಲೆಂಡರಿನ ಗುರುತುಗಳೊಂದಿಗೆ ಅಂಗಡಿಗೆ ಹೋಗಿ. ಹೊಸದೇ ಬೇಕಾದರೆ ಬಿಳಿ ಬಣ್ಣದ್ದು, 60 ಡಿಗ್ರಿ ಎಂದು ಡಬ್ಬಿಯ ಮೇಲೆ ಬರೆದದ್ದು ಕೇಳಿ. ಅಂಗಡಿಯವರು ಬಾಯಲ್ಲಿ ಹೇಳಿದ್ದು ಸಾಲದು, ಬರಹ ತೋರಿಸಿ ಎನ್ನಿ.